ವರ್ಷಕ್ಕೆ ಒಂದೇ ಪದ: ಅದನ್ನು ಹೇಗೆ ಆರಿಸೋದು?

ಮೇ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಈ ಮೆಸೇಜು ಬರಲು ಶುರುವಾಗುತ್ತದೆ. "ಮೇಡಂ, ಈ ವರ್ಷದ ಪದ ಯಾವುದು?" ಅದರ ಬೆನ್ನಿಗೇ ಇನ್ನೊಂದು: "ನಾನೂ ಒಂದು ಇಟ್ಕೋಬೇಕು ಅಂತಿದೀನಿ. ಹೇಗೆ ಆರಿಸೋದು?" ಕೇಳುವವರಲ್ಲಿ ಹೊಸದಾಗಿ ಮುಖ್ಯ ಶಿಕ್ಷಕರಾದವರೇ ಜಾಸ್ತಿ. ಹಾಲಿನ ಡೈರಿಯ ಕಾರ್ಯದರ್ಶಿ ಒಬ್ಬರು ಕೇಳಿದ್ದಾರೆ, ಸ್ವಸಹಾಯ ಸಂಘ ನಡೆಸುವ ಅಕ್ಕ ಒಬ್ಬರೂ ಕೇಳಿದ್ದಾರೆ.

ನಾನು ಬಯಲುಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಶಾಲೆ ತೆರೆಯುವ ಮೊದಲು ಆ ವರ್ಷಕ್ಕೆ ಅಂತ ಒಂದು ಪದ ಇಟ್ಟುಕೊಳ್ಳುತ್ತೇನೆ. ವರ್ಷವಿಡೀ ಏನೇ ತೀರ್ಮಾನ ಮಾಡಬೇಕಾದರೂ ಅದು ಆ ಪದಕ್ಕೆ ಹೊಂದುತ್ತದಾ ಅಂತ ನೋಡುತ್ತೇನೆ. ಅಷ್ಟೇ.

ಹೇಗೆ ಆರಿಸೋದು ಅನ್ನುವುದಕ್ಕೆ ನನ್ನ ಉತ್ತರ ಇದು. ನೀವು ದಿನಾ ಮಾಡಬೇಕಾಗಿದ್ದೂ ಮಾಡದೇ ಬಿಟ್ಟಿರುವ ಕೆಲಸ ಯಾವುದು ಅಂತ ಹುಡುಕಿ. ಆ ಕೆಲಸದ ಹೆಸರೇ ನಿಮ್ಮ ಪದ.

ನಾನೂ ಮೊದಲು ತಪ್ಪು ಪದವನ್ನೇ ಆರಿಸಿದ್ದೆ. ಮೊದಲ ವರ್ಷ "ಶಿಸ್ತು" ಅಂತ ಇಟ್ಟುಕೊಂಡೆ. ಕಾರಿಡಾರಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದೆ ಕೂಡ. ಆ ವರ್ಷ ನಾನು ಮಾಡಿದ್ದೆಲ್ಲ ಬೈಗುಳ. ತಡವಾಗಿ ಬಂದ ಮಕ್ಕಳಿಗೆ ಬೈದೆ, ಪಾಠದ ತಯಾರಿಯ ಟಿಪ್ಪಣಿ (ನೋಟ್ಸ್ ಆಫ್ ಲೆಸನ್) ಬರೆಯದ ಶಿಕ್ಷಕರಿಗೆ ಬೈದೆ. ಶಿಸ್ತು ಅನ್ನುವುದು ಬೇರೆಯವರು ಇಟ್ಟುಕೊಳ್ಳಬೇಕಾದ ವಸ್ತು ಅಂತ ನಾನು ಅಂದುಕೊಂಡಿದ್ದೆ. ನಡೆಸುವವರ ಕೈಗೆ ಇಂಥ ಪದ ಸಿಕ್ಕರೆ ಅದು ಕೋಲಾಗುತ್ತದೆ. ಪ್ರಗತಿ, ಸಾಧನೆ, ಗುಣಮಟ್ಟ ಇವೂ ಹಾಗೇ. ಕೇಳೋಕೆ ಚೆಂದ. ಆದರೆ ಬೆಳಿಗ್ಗೆ 10 ಗಂಟೆಗೆ, ಪ್ರಾರ್ಥನೆ ಮುಗಿದ ಮೇಲೆ, "ಪ್ರಗತಿ"ಯನ್ನು ಹೇಗೆ ಮಾಡುತ್ತೀರಿ?

ಸರಿಯಾದ ಪದ ಸಿಕ್ಕಿದ್ದು ಅದರ ಮುಂದಿನ ಬೇಸಿಗೆ ರಜೆಯಲ್ಲಿ, ತವರಿನ ತಾರಸಿ ಮೇಲೆ. ಅಮ್ಮ ಸಂಡಿಗೆ ಇಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಸೀರೆಯ ಮೇಲೆ ಚಮಚದಲ್ಲಿ ಹಿಟ್ಟು ಬಿಡುತ್ತಾ ಶಾಲೆಯ ಕಥೆ ಹೇಳುತ್ತಿದ್ದೆ. "ಎಷ್ಟು ಹೇಳಿದ್ರೂ ಕೇಳಲ್ಲಮ್ಮ ಆ ಮಕ್ಕಳು. ಟೀಚರ್‌ಗಳೂ ಅಷ್ಟೇ."

ಅಮ್ಮ ತಲೆ ಎತ್ತಲಿಲ್ಲ. "ನೀನು ಅವರನ್ನ ಕೇಳಿದ್ಯೇನೇ?" ಅಂದಳು.

ನನ್ನ ಕೈ ನಿಂತುಬಿಟ್ಟಿತು. ಒಂದೇ ಪದ. ನಾನು ಹೇಳಿದ "ಕೇಳು" ಅಂದರೆ ಹೇಳಿದ ಹಾಗೆ ಮಾಡು. ಅಮ್ಮ ಹೇಳಿದ "ಕೇಳು" ಅಂದರೆ ವಿಚಾರಿಸು. ಕಿವಿಗೊಡುವುದೂ ಕೇಳುವುದೇ. ಮನೆಗೆ ಬಂದವರ ಕಷ್ಟಸುಖ ಕೇಳುತ್ತೇವಲ್ಲ, ಅದೂ ಇದೇ ಪದ. ಒಂದು ಮನೆ ದಿಕ್ಕಿಲ್ಲದಂತಾದಾಗ "ಹೇಳೋರು ಕೇಳೋರು ಇಲ್ಲ" ಅನ್ನುತ್ತೇವೆ. ನನ್ನ ಶಾಲೆಯಲ್ಲಿ ಹೇಳುವವಳಿದ್ದೆ, ಕೇಳುವವರು ಯಾರೂ ಇರಲಿಲ್ಲ.

ಜೂನ್‌ನಲ್ಲಿ ಹಾಜರಿ ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೆ: ಕೇಳು. ಗೋಡೆಯ ಮೇಲೆ ಬರೆಸಲಿಲ್ಲ.

ಮೊದಲು ಕೇಳಿದ್ದು ಅಡುಗೆಮನೆಯಲ್ಲಿ. ಬಿಸಿಯೂಟಕ್ಕೆ ಅಕ್ಕಿಯ ಲೆಕ್ಕ ನಿಮಗೂ ಗೊತ್ತಿರಬಹುದು: 5ನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಅದರ ಮೇಲಿನವರಿಗೆ 150 ಗ್ರಾಂ. ಅಳತೆ ಸರಿಯಾಗೇ ಇತ್ತು. ಆದರೂ ಸಾಂಬಾರು ಉಳಿಯುತ್ತಿತ್ತು, ಊಟವೂ ತಡವಾಗುತ್ತಿತ್ತು. ಹಿಂದಿನ ವರ್ಷವಾಗಿದ್ದರೆ ಅಡುಗೆಯ ಅಕ್ಕನಿಗೆ ಬೈದು ಬರುತ್ತಿದ್ದೆ. ಈ ಸಲ ಒಲೆಯ ಪಕ್ಕ ಒಂದು ಮಣೆ ಹಾಕಿಕೊಂಡು ಕೂತೆ. "ಅಕ್ಕಾ, ಯಾಕೆ ತಡ ಆಗ್ತಿದೆ?" ಅಂತ ಕೇಳಿದೆ.

ಅವರು ಸೌಟಿನಲ್ಲಿ ಒಂದಿಷ್ಟು ಬೇಳೆ ಎತ್ತಿ ನನ್ನ ಅಂಗೈಗೆ ಹಾಕಿದರು. ಹಿಸುಕಿ ನೋಡಿದೆ. ಒಳಗೆ ಇನ್ನೂ ಗಟ್ಟಿ. "ಬೋರ್ ನೀರು ಟೀಚರ್, ಬೇಳೆ ಬೇಯಲ್ಲ. ಎರಡು ವರ್ಷದಿಂದ ಹಿಂಗೇ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ." ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಮೆತ್ತಗಾಗುವುದಿಲ್ಲ. ಆ ನೀರಿನ ಸುಣ್ಣದ ಅಂಶ ಬೇಳೆಯನ್ನು ಬಿಗಿಯಾಗಿ ಹಿಡಿದಿಡುತ್ತದೆ. ಇದನ್ನು ನಾನೇ 6ನೇ ತರಗತಿಯ ಎದುರು ನಿಂತು ಗಡಸು ನೀರು, ಮೆದು ನೀರು ಅಂತ ಪಾಠ ಮಾಡಿದವಳು! ಮರುದಿನದಿಂದ ಬೇಳೆಗೆ ಮಾತ್ರ ಊರಿನ ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್ ತರಿಸಿದೆವು. ಬೇಳೆಯನ್ನು ಬೆಳಿಗ್ಗೆ ಬಂದ ತಕ್ಷಣ ನೆನೆಹಾಕಿದರು. ಅದೇ ವಾರ ಊಟ ಹೊತ್ತಿಗೆ ಸರಿಯಾಗಿ ಆಗತೊಡಗಿತು.

ಆಮೇಲೆ ಸಿಬ್ಬಂದಿ ಸಭೆ. ಅಲ್ಲಿ ಒಂದೇ ಬದಲಾವಣೆ ಮಾಡಿದೆ. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ನಾನು ಕೊನೆಗೆ. ಮುಖ್ಯ ಶಿಕ್ಷಕಿ ಬಾಯಿ ಬಿಟ್ಟ ಮೇಲೆ ಉಳಿದವರು "ಹೌದು ಮೇಡಂ" ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ. ಮೊದಲ ಸಭೆಯಲ್ಲೇ ನಮ್ಮ ಅತಿಥಿ ಶಿಕ್ಷಕಿ, ಬಂದು ಮೂರು ತಿಂಗಳೂ ಆಗಿರದ ಹುಡುಗಿ, ಅಳುಕುತ್ತಲೇ ಒಂದು ಮಾತು ಹೇಳಿದಳು. 7ನೇ ತರಗತಿಯಲ್ಲಿ ಮಧ್ಯಾಹ್ನ ಎರಡೂವರೆ ಮೇಲೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಬೋರ್ಡಿನ ಮೇಲೆ ಬೀಳುತ್ತದೆ, ಹಿಂದಿನ ಸಾಲಿನವರಿಗೆ ಅಕ್ಷರ ಕಾಣುವುದೇ ಇಲ್ಲ. ಆ ಸಾಲಿನ ಮಕ್ಕಳನ್ನು ನಾವು ಎರಡು ವರ್ಷದಿಂದ ಸೋಮಾರಿಗಳು ಅನ್ನುತ್ತಿದ್ದೆವು. ಹಸಿರು ನೆರಳು ಬಟ್ಟೆ ತಂದು ಕಿಟಕಿಗೆ ಕಟ್ಟಿದೆವು.

ಪದ ಯಾವ ಭಾಷೆಯಲ್ಲಿರಬೇಕು ಅಂತಲೂ ಕೇಳುತ್ತಾರೆ. ನಿಮ್ಮ ಬಾಯಲ್ಲಿ ದಿನಾ ಓಡಾಡುವ ಭಾಷೆಯಲ್ಲೇ ಇರಲಿ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ 1906ರಲ್ಲಿ ಶುರುಮಾಡಿದ ಹೋರಾಟಕ್ಕೆ ಮೊದಲು ಇಂಗ್ಲಿಷಿನ "ಪ್ಯಾಸಿವ್ ರೆಸಿಸ್ಟೆನ್ಸ್" ಅನ್ನುವ ಹೆಸರೇ ಇತ್ತು. ಅದು ಅವರಿಗೆ ಸರಿ ಕಾಣಲಿಲ್ಲ. ನಮ್ಮ ಹೋರಾಟಕ್ಕೆ ನಮ್ಮದೇ ಪದ ಬೇಕು ಅಂತ ತಮ್ಮ "ಇಂಡಿಯನ್ ಒಪಿನಿಯನ್" ಪತ್ರಿಕೆಯಲ್ಲಿ ಓದುಗರನ್ನೇ ಕೇಳಿದರು, ಚಿಕ್ಕ ಬಹುಮಾನವನ್ನೂ ಇಟ್ಟರು. ಅವರ ಬಂಧು ಮಗನ್‌ಲಾಲ್ ಗಾಂಧಿ "ಸದಾಗ್ರಹ" ಅಂತ ಬರೆದು ಕಳಿಸಿದರು. ಗಾಂಧೀಜಿ ಅದನ್ನು ಸ್ವಲ್ಪ ತಿದ್ದಿ "ಸತ್ಯಾಗ್ರಹ" ಮಾಡಿದರು. ನನಗೆ ಇಲ್ಲಿ ತುಂಬಾ ಹಿಡಿಸುವುದು ಆ ತಿದ್ದುಪಡಿ. ಪದ ಹತ್ತಿರ ಬಂದರೂ ಸಾಕು ಅನ್ನಲಿಲ್ಲ, ಸರಿಯಾಗಿ ಕೂರುವ ತನಕ ಬಿಡಲಿಲ್ಲ. ನೀವೂ ಒಂದೆರಡು ವಾರ ನಿಮ್ಮ ಪದವನ್ನು ಬಾಯಲ್ಲಿ ಆಡಿಸಿ ನೋಡಿ. ಅವಸರ ಬೇಡ.

ಪದ ಸರಿಯಾಗಿದೆಯಾ ಅಂತ ನೋಡಲು ನನ್ನದೊಂದು ಉಪಾಯವಿದೆ. ಅದನ್ನು ಒಂದು ಪ್ರಶ್ನೆಯಾಗಿಸಿದರೆ, ಸಂಜೆ ಗೇಟಿಗೆ ಬೀಗ ಹಾಕುವಾಗ ಹೌದು ಇಲ್ಲ ಅಂತ ಉತ್ತರ ಕೊಡಲು ಆಗಬೇಕು. "ಇವತ್ತು ಕೇಳಿದೆನಾ? ಯಾರನ್ನ?" ಹೆಸರು ನೆನಪಾಗದಿದ್ದರೆ ಆ ದಿನ ಕೇಳಿಲ್ಲ ಅಂತಲೇ. 12ನೇ ಶತಮಾನದ ಶರಣರಿಗೆ "ಕಾಯಕ" ಅನ್ನುವ ಪದ ಇತ್ತಲ್ಲ, ಅದು ಎಷ್ಟು ದೊಡ್ಡದಾಗಿದ್ದರೂ ಕೊನೆಗೆ ಅಕ್ಕಿಯ ಅಳತೆಗೆ ಇಳಿದಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬರಲು ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು.

ಪದ ಇಟ್ಟುಕೊಂಡ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. "ಕೇಳು" ಅಂತ ಬರೆದುಕೊಂಡ ಅದೇ ವರ್ಷದ ಕೊನೆಗೆ 7ನೇ ತರಗತಿ ಮುಗಿಸಿದ ಹುಡುಗಿಯೊಬ್ಬಳ ಟಿ.ಸಿ. ಪಡೆಯಲು ಅವಳ ಅಪ್ಪ ಬಂದರು. ಆನ್‌ಲೈನ್ ಎಂಟ್ರಿ ಕೆಲಸದಲ್ಲಿ ನಾನು ಮುಳುಗಿದ್ದೆ. "ಯಾವ ಹೈಸ್ಕೂಲಿಗೆ?" ಅಂದೆ, ಅವರು ಒಂದು ಹೆಸರು ಹೇಳಿದರು, ನಾನು ಸಹಿ ಹಾಕಿದೆ. ಐದು ನಿಮಿಷವೂ ಆಗಿರಲಿಲ್ಲ. ದೀಪಾವಳಿ ಹೊತ್ತಿಗೆ ಗೊತ್ತಾಯಿತು, ಅವಳು ಯಾವ ಹೈಸ್ಕೂಲಿಗೂ ಸೇರಿರಲಿಲ್ಲ. ಹೈಸ್ಕೂಲು 6 ಕಿಲೋಮೀಟರ್ ದೂರ. ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಫ್ರೀ, ಆದರೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಬಸ್ಸೇ ಇಲ್ಲ. ಪಕ್ಕದ ಊರಿನ ನಾಲ್ಕು ಹುಡುಗಿಯರು ತಿಂಗಳ ಲೆಕ್ಕದಲ್ಲಿ ಒಂದು ಆಟೋ ಮಾಡಿಕೊಂಡು ಅದೇ ಹೈಸ್ಕೂಲಿಗೆ ಹೋಗುತ್ತಿದ್ದರು. ನನಗೆ ಅದು ಗೊತ್ತಿತ್ತು. ಅವಳ ಅಪ್ಪನಿಗೆ ಗೊತ್ತಿರಲಿಲ್ಲ.

ಅವತ್ತು ಅವರ ಮನೆಗೆ ಹೋದೆ. ಅವಳು ಅಂಗಳದಲ್ಲಿ ರೇಷ್ಮೆ ಗೂಡು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಕೈ ಒರೆಸಿಕೊಂಡಳು. ಮುಂದಿನ ಜೂನ್‌ನಲ್ಲಿ ಅದೇ ಆಟೋದಲ್ಲಿ ಐದನೆಯವಳಾಗಿ 8ನೇ ತರಗತಿಗೆ ಹೋದಳು. ಒಂದು ವರ್ಷ ಮಾತ್ರ ಹೋಯಿತು. ಆ ವರ್ಷ ನಾನು ಕಳೆದದ್ದು.

ಅದಕ್ಕೇ ಮರುವರ್ಷ ನಾನು ಹೊಸ ಪದ ಹುಡುಕಲಿಲ್ಲ. ಅದೇ ಪದವನ್ನು ಹೊಸ ಹಾಜರಿ ಪುಸ್ತಕಕ್ಕೆ ಬರೆದುಕೊಂಡೆ. ಟಿ.ಸಿ.ಗೆ ಅಂತ ಯಾರೇ ಬರಲಿ, ಮೊದಲು ಕಂಪ್ಯೂಟರ್ ಮುಚ್ಚುತ್ತೇನೆ. ಅವರ ಕುರ್ಚಿಯನ್ನು ಮೇಜಿನ ಆಚೆ ಬದಿಯಿಂದ ನನ್ನ ಪಕ್ಕಕ್ಕೆ ಎಳೆಯುತ್ತೇನೆ. ಹೋಗುವುದು ಹೇಗೆ, ಯಾರ ಜೊತೆ, ಬರುವುದು ಎಷ್ಟು ಹೊತ್ತಿಗೆ, ಎಲ್ಲ ಕೇಳಿ ಆದಮೇಲೆ ಪೆನ್ನಿನ ಮುಚ್ಚಳ ತೆಗೆಯುತ್ತೇನೆ.