ಹತ್ತಾರು ಜನ ಕೂರುವ ಕಂಪ್ಯೂಟರಿಗೆ ಯಾವ ಬ್ರೌಸರ್?

ಅರಸೀಕೆರೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ. ಇರುವುದು ಎರಡು ಕಂಪ್ಯೂಟರ್, ಎರಡರಲ್ಲೂ 4 ಜಿಬಿ ರ‍್ಯಾಮ್. ಪಹಣಿ, ಸ್ಕಾಲರ್‌ಶಿಪ್, ಜಾತಿ-ಆದಾಯ ಪ್ರಮಾಣಪತ್ರ, ಹಾಲ್ ಟಿಕೆಟ್, ಕರೆಂಟ್ ಬಿಲ್ಲು ಎಲ್ಲಾ ಅದರಲ್ಲೇ. ಬೆಳಿಗ್ಗೆ ಅಂಗಡಿ ತೆಗೆದಾಗ ಬ್ರೌಸರ್ ತೆರೆದರೆ ರಾತ್ರಿ ಬಾಗಿಲು ಹಾಕುವವರೆಗೂ ಮುಚ್ಚುತ್ತಿರಲಿಲ್ಲ.

ಯಾವ ಬ್ರೌಸರ್ ಒಳ್ಳೇದು ಅಂತ ಕಾಲೇಜು ಹುಡುಗರು ಕೇಳುತ್ತಿರುತ್ತಾರೆ. ಬೇಗ ತೆರೆಯುವುದೇ ಒಳ್ಳೇದು ಅಂತ ನಾನೂ ಹೇಳುತ್ತಿದ್ದೆ. ಕಳೆದ ವರ್ಷದಿಂದ ಹಾಗೆ ಹೇಳುತ್ತಿಲ್ಲ.

ಒಂದು ದಿನ ಪಿಂಚಣಿ ಅರ್ಜಿಗೆ ಒಬ್ಬ ಅಮ್ಮ ಬಂದಿದ್ದರು. ಪಕ್ಕದ ಸ್ಟೂಲಿನಲ್ಲಿ ಮಗ ಕೂತಿದ್ದ. ಹೆಸರು ಸರಿಯಾಗಿದೆಯಾ ಅಂತ ಅವರೇ ನೋಡಲಿ ಎಂದು ಮಾನಿಟರನ್ನು ಸ್ವಲ್ಪ ಅವರ ಕಡೆ ತಿರುಗಿಸಿಯೇ ಇಡುತ್ತೇನೆ. ಮೊಬೈಲ್ ನಂಬರಿನ ಕಾಲಂ ಮೇಲೆ ಕ್ಲಿಕ್ ಮಾಡಿದೆ. ಅದರ ಕೆಳಗೆ ಹಳೇ ನಂಬರುಗಳ ಪಟ್ಟಿ ಇಳಿಯಿತು. ಒಂದರ ಕೆಳಗೊಂದು, ಆ ವಾರ ಬಂದುಹೋದವರದ್ದೆಲ್ಲಾ.

"ಅಕ್ಕಾ, ಮೂರನೇದು ನಮ್ಮ ಚಿಕ್ಕಪ್ಪನ ನಂಬರ್. ಅವರು ಯಾತಕ್ಕೆ ಬಂದಿದ್ರು?" ಅಂದ ಹುಡುಗ.

ಚಿಕ್ಕಪ್ಪ ಬಂದಿದ್ದು ಜಮೀನಿನ ಪೋಡಿ ಅರ್ಜಿಗೆ, ಅಂದರೆ ಜಮೀನನ್ನು ಅಳೆದು ಬೇರೆ ಬೇರೆ ಮಾಡಿಸುವುದಕ್ಕೆ. ಆ ಮನೆಯಲ್ಲಿ ಭಾಗದ ಮಾತು ನಡೆಯುತ್ತಿದೆ ಅಂತ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಅಮ್ಮನ ಮುಖ ಮಾತ್ರ ಬದಲಾಯಿತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಜನ ಆಧಾರ್, ಒಟಿಪಿ, ಪಾಸ್‌ಬುಕ್ ಎಲ್ಲವನ್ನೂ ನಂಬಿ ನಮ್ಮ ಕೈಗೆ ಕೊಡುತ್ತಾರೆ, ಅಲ್ವಾ?

ಮಾರನೇ ದಿನದಿಂದ ಬ್ರೌಸರುಗಳನ್ನು ಬೇರೆ ರೀತಿ ನೋಡತೊಡಗಿದೆ. ಎಷ್ಟು ಬೇಗ ತೆರೆಯುತ್ತದೆ ಅನ್ನುವುದಕ್ಕಿಂತ ಎಷ್ಟು ಚೆನ್ನಾಗಿ ಮರೆಯುತ್ತದೆ ಅನ್ನುವುದು ನನ್ನ ಪರೀಕ್ಷೆಯಾಯಿತು. ಒಂದು ಅರ್ಜಿ ತುಂಬಿ ಸಲ್ಲಿಸುವುದು, ಬ್ರೌಸರ್ ಮುಚ್ಚುವುದು, ಮತ್ತೆ ತೆರೆದು ಅದೇ ಅರ್ಜಿಯ ಖಾಲಿ ಕಾಲಂ ಮೇಲೆ ಎರಡು ಸಲ ಕ್ಲಿಕ್ ಮಾಡುವುದು. ಏನಾದರೂ ಇಳಿದರೆ ಫೇಲ್.

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರನ್ನೂ ನೋಡಿದೆ. ವೇಗದಲ್ಲಿ, ನಾಲ್ಕೈದು ಟ್ಯಾಬ್‌ವರೆಗೆ, ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎಡ್ಜ್ 2020ರಿಂದ ಕ್ರೋಮಿಯಂ ಮೇಲೆಯೇ, ಅಂದರೆ ಕ್ರೋಮ್‌ಗಿರುವ ಅಡಿಪಾಯದ ಮೇಲೆಯೇ ನಿಂತಿದೆ. ಬ್ರೇವ್, ಒಪೆರಾ, ವಿವಾಲ್ಡಿ ಕೂಡ ಹಾಗೇ. ಹಾಗಾಗಿ ಒಂದು ಸೈಟು ಕ್ರೋಮ್‌ನಲ್ಲಿ ಹೇಗೆ ಕಾಣುತ್ತದೋ ಇವುಗಳಲ್ಲೂ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ. ಫೈರ್‌ಫಾಕ್ಸ್ ಮಾತ್ರ ಪುಟವನ್ನು ತೆರೆದು ತೋರಿಸಲು ಗೆಕ್ಕೊ ಅನ್ನುವ ತನ್ನದೇ ಎಂಜಿನ್ ಇಟ್ಟುಕೊಂಡಿದೆ.

ಕ್ರೋಮ್, ಎಡ್ಜ್ ಎರಡರಲ್ಲೂ ಗೆಸ್ಟ್ ವಿಂಡೋ ಇದೆ. ನಿಜಕ್ಕೂ ಒಳ್ಳೇ ಸೌಲಭ್ಯ. ಮುಚ್ಚಿದ ತಕ್ಷಣ ಹಿಸ್ಟರಿ, ಕುಕಿ (ಸೈಟುಗಳು ನಮ್ಮ ಕಂಪ್ಯೂಟರಿನಲ್ಲಿ ಉಳಿಸುವ ಗುರುತು) ಎಲ್ಲಾ ಹೋಗುತ್ತದೆ. ಆದರೆ ಪ್ರತಿ ಸಲ ನೆನಪಿಟ್ಟು ಅದನ್ನೇ ತೆರೆಯಬೇಕು. ಸ್ಕಾಲರ್‌ಶಿಪ್ ಕೊನೇ ದಿನ ಅಂಗಡಿ ಮುಂದೆ ಇಪ್ಪತ್ತು ಜನ ನಿಂತಾಗ ಅದು ನೆನಪಿರುವುದಿಲ್ಲ. ಇನ್ನೊಂದು, ಕ್ರೋಮ್‌ನ ಮಾಮೂಲಿ ವಿಂಡೋದಲ್ಲಿ ಜಿಮೇಲ್‌ಗೆ ಲಾಗಿನ್ ಆದರೆ ಬ್ರೌಸರಿಗೂ ಅದೇ ಖಾತೆ ಸೇರಿಕೊಳ್ಳುವ ವ್ಯವಸ್ಥೆ 2018ರಿಂದ ಇದೆ. ಒಬ್ಬರೇ ಬಳಸುವ ಮನೆಯ ಕಂಪ್ಯೂಟರಿಗೆ ಅದು ಅನುಕೂಲ. ಅಂಗಡಿಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಲೇಬೇಕು.

ಕೊನೆಗೆ ಫೈರ್‌ಫಾಕ್ಸ್‌ಗೆ ಬಂದೆ. ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಹಿಸ್ಟರಿ ಅನ್ನುವ ಭಾಗ ಇದೆ. ಅಲ್ಲಿ ಅರ್ಜಿಯಲ್ಲಿ ತುಂಬಿದ್ದನ್ನು ನೆನಪಿಡಬೇಡ ಅಂತ ಹೇಳಬಹುದು. ಮುಚ್ಚುವಾಗ ಎಲ್ಲಾ ಅಳಿಸು ಅಂತಲೂ ಹೇಳಬಹುದು. ಒಂದು ಸಲ ಮಾಡಿಟ್ಟರೆ ಸಾಕು. ಪಾಸ್‌ವರ್ಡ್ ಉಳಿಸಲಾ ಅಂತ ಕೇಳುವುದನ್ನೂ ನಿಲ್ಲಿಸಿದೆ. ನೋಟಿಫಿಕೇಶನ್ ಕಳಿಸಲಾ ಅಂತ ಸೈಟುಗಳು ಕೇಳುವುದನ್ನೂ ಒಟ್ಟಿಗೇ ತಡೆಯಬಹುದು. ಇದು ದೊಡ್ಡ ನೆಮ್ಮದಿ. ಯಾರೋ ಒಬ್ಬರು ಗೊತ್ತಿಲ್ಲದೆ 'ಅಲೋ' (ಅನುಮತಿಸು) ಒತ್ತಿ ಹೋದರೆ ಆಮೇಲೆ ದಿನವಿಡೀ ಮೂಲೆಯಲ್ಲಿ ಸುಳ್ಳು ವೈರಸ್ ಎಚ್ಚರಿಕೆ ಬರುತ್ತಲೇ ಇರುತ್ತದೆ. ವಯಸ್ಸಾದವರು ಅದನ್ನು ನೋಡಿ ಹೆದರಿಕೊಳ್ಳುತ್ತಾರೆ.

ನಾನು ಎಣಿಸಿರದ ಲಾಭ ಇನ್ನೊಂದು ಸಿಕ್ಕಿತು: ರೀಡರ್ ವ್ಯೂ. ಎಫ್9 ಒತ್ತಿದರೆ ಸುದ್ದಿ, ಲೇಖನದ ಪುಟದಿಂದ ಜಾಹೀರಾತೆಲ್ಲಾ ಹೋಗಿ ಬರಹ ಮಾತ್ರ ಉಳಿಯುತ್ತದೆ. ಎಲ್ಲಾ ಪುಟಕ್ಕೂ ಇದು ಬರುವುದಿಲ್ಲ, ಅರ್ಜಿಗಳಿಗಂತೂ ಇಲ್ಲ. ಆದರೆ ನೇಮಕಾತಿ ಸುದ್ದಿಯ ಪ್ರಿಂಟ್ ಕೇಳುವ ಹುಡುಗರಿಗೆ ಐದಾರು ಹಾಳೆಯ ಬದಲು ಎರಡೇ ಹಾಳೆಯಲ್ಲಿ ಮುಗಿಯುತ್ತದೆ. ಅಕ್ಷರ ದೊಡ್ಡದು ಮಾಡಿ ತೋರಿಸಿದರೆ ಕನ್ನಡಕ ಮರೆತು ಬಂದವರೂ ಓದುತ್ತಾರೆ.

ತೊಂದರೆ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ನಮಗೆ ದಿನಾ ಬೇಕಾಗುವ ಒಂದು ಸೈಟು ಕೊನೇ ಪುಟದವರೆಗೆ ಬಂದು, ಸಬ್ಮಿಟ್ ಒತ್ತಿದರೆ ಸುಮ್ನೆ ನಿಂತುಬಿಡುತ್ತದೆ. ಅದಕ್ಕಂತಲೇ ಎಡ್ಜ್‌ನ ಗೆಸ್ಟ್ ವಿಂಡೋ ಇಟ್ಟುಕೊಂಡಿದ್ದೇನೆ. ಪ್ರಿಂಟ್ ಬೇರೆ ಕಿಟಕಿಯಲ್ಲಿ ಬರುವ ಸೈಟುಗಳಿಗೆ ಪಾಪ್-ಅಪ್ ಅನುಮತಿಯನ್ನು ಒಂದೊಂದಾಗಿ ಕೊಡಬೇಕಾಯಿತು. ಮುಖ್ಯವಾಗಿ, ಅಳಿಸುವುದು ಬ್ರೌಸರ್ ಮುಚ್ಚಿದಾಗ ಮಾತ್ರ. ಹಾಗಾಗಿ ಈಗ ಒಬ್ಬರ ಕೆಲಸ ಮುಗಿದ ಕೂಡಲೇ ಮುಚ್ಚಿ, ಮತ್ತೆ ತೆರೆಯುತ್ತೇನೆ. ಹಳೇ ಮಶೀನು, ಒಂದಷ್ಟು ಹೊತ್ತು ಹಿಡಿಯುತ್ತದೆ. ಹಿಡಿಯಲಿ. ನಡುವೆ ಕರೆಂಟ್ ಹೋಗಿ ಬಂದರೆ ಒಮ್ಮೆ ತೆರೆದು, ಮುಚ್ಚಿ, ಆಮೇಲೇ ಮುಂದಿನವರನ್ನು ಕೂರಿಸುತ್ತೇನೆ.

ಎರಡನೇ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇತ್ತು. ಕ್ರೋಮ್ ಅದಕ್ಕೆ 2023ರ ಆರಂಭದಲ್ಲಿ ಬಂದ 109ನೇ ಆವೃತ್ತಿಗೇ ನಿಂತುಹೋಯಿತು. ಫೈರ್‌ಫಾಕ್ಸ್‌ನ 115 ಇಎಸ್‌ಆರ್‌ಗೆ (ಹೆಚ್ಚು ಕಾಲ ನೋಡಿಕೊಳ್ಳುವ ಆವೃತ್ತಿಗೆ) ಆಮೇಲೂ ಸುರಕ್ಷತೆಯ ಅಪ್‌ಡೇಟ್ ಬರುತ್ತಿತ್ತು. ಸ್ವಲ್ಪ ದಿನ ಅದರಲ್ಲೇ ತಳ್ಳಿದೆ. ಆದರೆ ವಿಂಡೋಸೇ ಹಳೆಯದಾದರೆ ಬ್ರೌಸರೊಂದೇ ಏನು ಕಾಯುತ್ತದೆ? ಸಾಲ ಮಾಡಿಯಾದರೂ ಅದನ್ನು ಬದಲಾಯಿಸಿದೆ.

ಇಂಥ ಅಂಗಡಿ ನಡೆಸುವವರಿಗೆ ಇನ್ನೊಂದು ಮಾತು. ಯಾವ ಬ್ರೌಸರ್ ಹಾಕಿದರೂ, ಪ್ರೈವೇಟ್ ವಿಂಡೋದಲ್ಲೇ ಕೆಲಸ ಮಾಡಿದರೂ, ಡೌನ್‌ಲೋಡ್ ಆದ ಫೈಲು ತಾನಾಗಿ ಹೋಗುತ್ತದೆ ಅಂತ ನಂಬಬೇಡಿ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದೇ ಇರುತ್ತದಲ್ಲ ಅನ್ನಬಹುದು. ಅದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಊರಿನವರಿಗೆ ಊರಿನವರ ಹೆಸರು, ವಯಸ್ಸು ಗೊತ್ತಿರುವುದಿಲ್ಲವೇ? ನಾನು ಮೊದಲ ಸಲ ಡೌನ್‌ಲೋಡ್ ಫೋಲ್ಡರ್ ತೆರೆದಾಗ ಮೂರು ವರ್ಷದ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ಕು ಎಲ್ಲಾ ಅಲ್ಲೇ ಇದ್ದವು. ಆ ಚಿಕ್ಕಪ್ಪನ ಪೋಡಿ ಅರ್ಜಿಯೂ ಇತ್ತು. ಈಗ ರಾತ್ರಿ ಬಾಗಿಲು ಹಾಕುವ ಮುಂಚೆ ಶಿಫ್ಟ್ ಹಿಡಿದು ಡಿಲೀಟ್ ಒತ್ತುತ್ತೇನೆ. ನಾಳೆ ಬಂದು ಪ್ರಿಂಟ್ ತಗೋತೀನಿ ಅನ್ನುವವರಿಗೆ ಅವರ ಫೈಲನ್ನು ಅವರ ವಾಟ್ಸಾಪ್‌ಗೇ ಕಳಿಸಿ, ಅವರ ಮುಂದೆಯೇ ನನ್ನ ಕಂಪ್ಯೂಟರ್, ನನ್ನ ವಾಟ್ಸಾಪ್ ಎರಡೂ ಕಡೆ ಅಳಿಸಿ ತೋರಿಸುತ್ತೇನೆ.