ಒಂಬತ್ತು ಗಂಟೆಯ ಸೂಜಿ

ನಮ್ಮ ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಜಾಗದಲ್ಲಿ ಮಗಳ ಇನ್ಸುಲಿನ್ ಇರುತ್ತದೆ. ಅವಳಿಗೆ ಏಳು ವರ್ಷ ಇದ್ದಾಗ ಟೈಪ್ 1 ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸೂಜಿ. ಊಟಕ್ಕೆ ಮುಂಚೆ ಮೂರು, ರಾತ್ರಿ ಒಂಬತ್ತಕ್ಕೆ ಒಂದು. ಬೆರಳು ಚುಚ್ಚಿ ರಕ್ತ ನೋಡುವುದು ಬೇರೆ. "ಇಷ್ಟ ಸಣ್ಣ ಕೂಸಿಗೆ ಸಕ್ಕರಿ ಕಾಯಿಲೇನ? ಚಾಕೊಲೇಟ್ ಜಾಸ್ತಿ ಕೊಟ್ರೇನು?" ಅಂತ ಇವತ್ತಿಗೂ ಕೇಳುತ್ತಾರೆ. ಸಿಹಿ ತಿಂದು ಬರುವ ಕಾಯಿಲೆ ಅಲ್ಲ ಇದು. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಮಗು ಉಳಿಯುವುದಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಒಂದು ರಾತ್ರಿ ಅವಳಿಗೆ ಸೂಜಿ ಕೊಡಲಿಲ್ಲ.

ನಾವು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಇರುವವರು. ಮನೆಯವರು ರೈಲ್ವೆಯಲ್ಲಿದ್ದಾರೆ. ಡ್ಯೂಟಿ ಮೇಲೆ ಹೋದರೆ ಕೆಲವೊಮ್ಮೆ ಎರಡು ದಿನ ಬರುವುದಿಲ್ಲ. ನನ್ನ ತವರು ಗದಗದ ಪಕ್ಕದ ಬೆಟಗೇರಿ. ಬಾಸೆಲ್ ಮಿಶನ್‌ನವರು ಕ್ರೈಸ್ತ ಧರ್ಮ ಸಾರಲು 1841ರಲ್ಲಿ ಅಲ್ಲಿಗೆ ಬಂದರು. ಮುತ್ತಜ್ಜನ ಕಾಲದಿಂದ ನಮ್ಮದು ಅದೇ ಸಭೆ. ನಮ್ಮವ್ವ ಅಲ್ಲಿನ ಮಿಶನ್ ದವಾಖಾನೆಯಲ್ಲಿ, ಊರವರು ಜರ್ಮನ್ ದವಾಖಾನೆ ಅನ್ನುತ್ತಾರಲ್ಲ, ಅಲ್ಲಿ ನರ್ಸ್ ಆಗಿದ್ದಳು. ನಮ್ಮ ಮನೆಯ ಗೋಡೆ ಗೂಡಿನಲ್ಲಿ ಬೈಬಲ್ ಮತ್ತು ಥರ್ಮಾಮೀಟರ್ ಅಕ್ಕಪಕ್ಕ ಇರುತ್ತಿದ್ದವು. ಜ್ವರ ಬಂದರೆ ಅವ್ವ ಎರಡನ್ನೂ ಕೈಗೆ ತಗೊಳ್ಳುತ್ತಿದ್ದಳು.

ಧಾರವಾಡ ರಸ್ತೆಯ ಕಡೆ ಒಂದು ಹಾಲ್‌ನಲ್ಲಿ ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಪಕ್ಕದ ಮನೆಯ ಅಕ್ಕ ಕರೆದುಕೊಂಡು ಹೋದರು. ಅಲ್ಲಿ ನನಗೆ ಸಿಕ್ಕ ಸಮಾಧಾನ ಸುಳ್ಳಲ್ಲ. ಗುರುತಿಲ್ಲದ ಹೆಂಗಸರು ನನ್ನ ಕೈ ಹಿಡಿದು ನನ್ನ ಮಗಳ ಹೆಸರು ಹೇಳಿ ಅತ್ತರು. ಅಷ್ಟು ದಿನ ಒಬ್ಬಳೇ ಬಾತ್‌ರೂಮಿನಲ್ಲಿ ಅಳುತ್ತಿದ್ದವಳಿಗೆ ಅದು ದೊಡ್ಡದು. ಆಮೇಲೆ ಸಾಕ್ಷಿ ಹೇಳುವವರು ವೇದಿಕೆಗೆ ಬರುತ್ತಿದ್ದರು. ಗಡ್ಡೆ ಕರಗಿತು, ಸಾಲ ತೀರಿತು, ಕಾಲು ನೆಟ್ಟಗಾಯಿತು. ಒಬ್ಬೊಬ್ಬರು ಹೇಳಿದಾಗಲೂ ಚಪ್ಪಾಳೆ. ನಾಲ್ಕೈದು ವಾರ ಆಗುವಷ್ಟರಲ್ಲಿ ನನಗೆ ಭಾನುವಾರದ ನಮ್ಮ ಆರಾಧನೆ ಸಪ್ಪೆ ಅನ್ನಿಸತೊಡಗಿತು. ಅಲ್ಲಿ ಯಾರೂ ನನ್ನನ್ನು ಮುಂದೆ ಕರೆಯುತ್ತಿರಲಿಲ್ಲ.

ಆ ಶುಕ್ರವಾರ ಜಿಟಿಜಿಟಿ ಮಳೆ. ಕಾಯಿಲೆಯ ಮಕ್ಕಳಿದ್ದ ತಾಯಂದಿರನ್ನು ಬೋಧಕರು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ತಲೆ ಮೇಲೆ ಕೈ ಇಟ್ಟರು. ನನ್ನ ಮುಂದೆ ಬಂದಾಗ ಕೇಳಿದರು: "ಒಂದು ಕೈಯಾಗ ದೇವರು, ಒಂದು ಕೈಯಾಗ ಔಷಧ. ಯಾವುದನ್ನ ನಂಬೀರಿ ತಂಗಿ?" ಆಮೇಲೆ ಬೈಬಲ್ಲಿನ 91ನೇ ಕೀರ್ತನೆ ಹೇಳಿದರು. ನಿನ್ನ ಕಾಲು ಕಲ್ಲಿಗೆ ತಾಗದಂತೆ ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂಬ ಮಾತು. ನನ್ನ ಮೈ ಜುಮ್ಮೆಂದಿತು. ಅದು ನನ್ನದೇ ಕೀರ್ತನೆ. ಮಗಳನ್ನು ಮೊದಲ ಸಲ ಐಸಿಯುನಲ್ಲಿ ಇಟ್ಟಿದ್ದಾಗ ಹೊರಗೆ ಕೂತು ನಾನು ಓದಿದ್ದು ಅದನ್ನೇ. ಮೂರು ರಾತ್ರಿ ಸೂಜಿ ಕೊಡಬೇಡಿ, ಸಕ್ಕರೆ ನೋಡುವ ಮಿಷನ್ನಿನಲ್ಲಿ ಎಷ್ಟು ತೋರಿಸಿದರೂ ಹೆದರಬೇಡಿ, ಆ ನಂಬರ್ ಸೈತಾನನ ಸುಳ್ಳು, ಸೋಮವಾರ ಬಂದು ಸಾಕ್ಷಿ ಹೇಳಿ ಅಂದರು. ಕಾಣಿಕೆ ಕವರಿಗೆ 5,000 ಹಾಕಿದೆ. ರಕ್ತ ನೋಡಲು ಬೇಕಾದ ಮುಂದಿನ ತಿಂಗಳ ಸ್ಟ್ರಿಪ್‌ಗೆ ಎತ್ತಿಟ್ಟ ದುಡ್ಡು ಅದು.

ದುಡ್ಡಿನ ಮಾತು ಇಲ್ಲಿಗೆ ಸಾಕು. ನನ್ನನ್ನು ಎಳೆದದ್ದು ಬೇರೆ. ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಉಣಕಲ್ ಕೆರೆ ದಾಟುವಾಗ ನಾನು ಯೋಚಿಸುತ್ತಿದ್ದದ್ದು ಸೋಮವಾರ ಯಾವ ಸೀರೆ ಉಡಲಿ ಅಂತ. ಮೈಕ್ ಹಿಡಿದು ಮೊದಲ ಮಾತು ಏನು ಹೇಳಲಿ ಅಂತ. ಮಗಳು ವಾಸಿ ಆಗಬೇಕು ಅನ್ನುವ ಆಸೆ ಇತ್ತು, ಅದು ನಿಜ. ಆದರೆ ಅದರ ಹೆಗಲ ಮೇಲೆ ಇನ್ನೊಂದು ಆಸೆ ಹತ್ತಿ ಕೂತಿತ್ತು. ಎಲ್ಲರಿಗಿಂತ ದೊಡ್ಡ ನಂಬಿಕೆ ಇರುವ ತಾಯಿ ಅನ್ನಿಸಿಕೊಳ್ಳುವ ಆಸೆ. ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಆಮಿಷ, ಅದು ಕುಡಿತ, ಕಳ್ಳತನ, ಪರಸ್ತ್ರೀ ಅಂತಲೇ ಭಾನುವಾರದ ಶಾಲೆಯಲ್ಲಿ ಕಲಿತಿದ್ದೆ. ಅದು ಪ್ರಾರ್ಥನೆಯ ಬಟ್ಟೆ ಉಟ್ಟು ಬಂದಾಗ ನನಗೆ ಗುರುತೇ ಸಿಗಲಿಲ್ಲ.

ಎಂಟು ಗಂಟೆಗೆ ಊಟಕ್ಕೆ ಕೂತಾಗ ಮಗಳು ತೋಳು ಮೇಲೆತ್ತಿದಳು. "ಮಮ್ಮಿ, ಸೂಜಿ?"

"ಇವತ್ತ ಬ್ಯಾಡ. ಯೇಸಪ್ಪ ವಾಸಿ ಮಾಡ್ಯಾನ."

ಅವಳು ಚಪ್ಪಾಳೆ ತಟ್ಟಿದಳು. ಎರಡು ರೊಟ್ಟಿ ತಿಂದಳು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಒಂಬತ್ತೂ ದಾಟಿತು. ಹತ್ತರ ಹೊತ್ತಿಗೆ ನೀರು ಕೇಳಿದಳು. ಹತ್ತೂವರೆಗೆ ಮತ್ತೆ ನೀರು. ಮೂರು ಸಲ ಎದ್ದು ಬಚ್ಚಲಿಗೆ ಹೋದಳು. ಹನ್ನೊಂದಕ್ಕೆ ಬೆರಳು ಚುಚ್ಚಿ ನೋಡಿದೆ. 398. ಕೈ ನಡುಗಿತು. ತಕ್ಷಣ ತಲೆಯೊಳಗೆ ಆ ಮಾತು ಬಂತು: ನಂಬರ್ ಸೈತಾನನ ಸುಳ್ಳು. ಮೋಸದ ಬಿಗಿ ಇರುವುದು ಅಲ್ಲೇ. ಸಕ್ಕರೆ ಇಳಿದರೆ ಅದು ಪವಾಡ, ಏರಿದರೆ ಅದು ನಂಬಿಕೆಯ ಪರೀಕ್ಷೆ. ಏನೇ ಆದರೂ ಅವರ ಮಾತೇ ನಿಜ ಆಗುತ್ತದೆ. ಕಣ್ಣೆದುರು ಕೂಸು ಬಾಯಾರಿ ಹೊರಳುತ್ತಿದ್ದರೂ ತಾಯಿ ತನ್ನ ಕಣ್ಣನ್ನೇ ನಂಬದಂತೆ ಮಾಡಿಬಿಡುತ್ತದೆ.

ಹನ್ನೊಂದೂವರೆಗೆ ಅವ್ವನಿಗೆ ಫೋನ್ ಮಾಡಿದೆ. ಪ್ರಾರ್ಥನೆ ಮಾಡು ಅಂತ ಕೇಳಲು ಮಾಡಿದ್ದೆ, ಅಷ್ಟೇ. ಅವ್ವ ಮೊದಲು ಕೇಳಿದ್ದು, "ಸಕ್ಕರಿ ಎಷ್ಟೈತಿ?"

"398."

"ಸೂಜಿ ಯಾವಾಗ ಕೊಟ್ಟಿ?"

ನಾನು ಸುಮ್ಮನಾದೆ. ಆಮೇಲೆ ಎಲ್ಲ ಹೇಳಿದೆ. ಕೀರ್ತನೆಯ ಮಾತನ್ನೂ ಹೇಳಿದೆ. ಅವ್ವ ಬೈಯಲಿಲ್ಲ.

"ಆ ಮಾತು ಬೈಬಲ್‌ನಾಗ ಇನ್ನೊಮ್ಮೆ ಬರತೈತಿ. ಯಾರ ಬಾಯಾಗ ಬರತೈತಿ ನೋಡು. ಮತ್ತಾಯ ನಾಲ್ಕು ತಗಿ. ಫೋನ್ ಇಡಬ್ಯಾಡ."

ತೆಗೆದೆ. ನಲವತ್ತು ದಿನ ಉಪವಾಸ ಇದ್ದ ಯೇಸುವನ್ನು ಸೈತಾನ ದೇವಾಲಯದ ತುದಿಗೆ ಕರೆದೊಯ್ಯುತ್ತಾನೆ. ಇಲ್ಲಿಂದ ಕೆಳಗೆ ಹಾರು ಅನ್ನುತ್ತಾನೆ. ದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಅನ್ನುತ್ತಾನೆ. ನನ್ನ ಕೀರ್ತನೆ, ಸೈತಾನನ ಬಾಯಲ್ಲಿ. ನೂರು ಸಲ ಓದಿದ ಅಧ್ಯಾಯ ಅದು. ಬೈಬಲ್‌ನಲ್ಲಿ ಇಲ್ಲದ ಒಂದು ಮಾತನ್ನೂ ಅವನು ಅಲ್ಲಿ ಸೇರಿಸಿಲ್ಲ. ಯೇಸು ಕೊಟ್ಟ ಉತ್ತರ ಬೈಬಲ್ಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ್ದು: ನಿನ್ನ ದೇವರನ್ನು ಪರೀಕ್ಷಿಸಬಾರದು. ಅದರ ಹಿಂದೆ ಮಸ್ಸಾ ಎಂಬ ಜಾಗದ ಕಥೆ ಇದೆ. ನೀರಿಲ್ಲದೆ ಇಸ್ರಾಯೇಲ್ ಜನ ಜಗಳ ತೆಗೆದು, ಕರ್ತನು ನಮ್ಮ ನಡುವೆ ಇದ್ದಾನೋ ಇಲ್ಲವೋ ಅಂತ ಕೇಳಿದ ಜಾಗ. ನಾನು ಫ್ರಿಜ್ಜಿನ ಬಾಗಿಲು ಮುಚ್ಚಿ ಕೇಳಿದ್ದೂ ಅದನ್ನೇ, ಅಲ್ವಾ? ಅದಕ್ಕೆ ಪಣ ಇಟ್ಟದ್ದು ಮಾತ್ರ ನನ್ನ ಜೀವ ಅಲ್ಲ, ಅವಳದ್ದು.

"ಅವ್ವ, ನನ್ನ ನಂಬಿಕಿ ಸಣ್ಣದೇನ?"

"ದೇವಾಲಯದಿಂದ ಇಳಿಯಾಕ ಯೇಸಪ್ಪಗ ಮೆಟ್ಟಿಲು ಇದ್ವು. ಹಾರಲಿಲ್ಲ ಅಂವ. ಮೆಟ್ಟಿಲು ಇಳಿಯೂದು ನಂಬಿಕಿ ಕಮ್ಮಿ ಅಲ್ಲ. ನಿನ್ನ ಮೆಟ್ಟಿಲು ಫ್ರಿಜ್ಜಿನಾಗೈತಿ. ಮೊದಲ ಸೂಜಿ ಕೊಡು, ಆಮ್ಯಾಲೆ ಮಾತಾಡೂಣು."

ಫ್ರಿಜ್ಜಿಗೆ ಅಂಟಿಸಿದ್ದ ಡಾಕ್ಟರ ಚೀಟಿ ನೋಡಿ ಸೂಜಿ ಕೊಟ್ಟೆ. ಇನ್ಸುಲಿನ್ ಸಾಲದಿದ್ದಾಗ ಮೈಯಲ್ಲಿ ಸೇರುವ ಆಮ್ಲ ಕೀಟೋನ್; ಮೂತ್ರದಲ್ಲಿ ಅದನ್ನು ತೋರಿಸುವ ಪಟ್ಟಿ ನೋಡಿದೆ. ಬಣ್ಣ ಇನ್ನೂ ತೆಳುವಾಗಿಯೇ ಇತ್ತು. ನಿದ್ದೆಗಣ್ಣಿನಲ್ಲೇ ನೀರು ಕುಡಿಸಿದೆ. ಅವಳು ವಾಂತಿ ಮಾಡಿದ್ದರೆ, ಉಸಿರು ಜೋರಾಗಿದ್ದರೆ, ಆಗಲೇ ಆಟೊ ಹಿಡಿಯಬೇಕಿತ್ತು. ಅವ್ವ ಫೋನ್ ಇಡಲಿಲ್ಲ. ಎರಡೂವರೆಗೆ 271. ಬೆಳಗಿನ ಐದೂವರೆಗೆ 168. ಅಲ್ಲಿಯವರೆಗೆ ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ನಡುನಡುವೆ ಅವ್ವ ಮೆತ್ತಗೆ ಹಳೆಯ ಕೀರ್ತನೆಯೊಂದರ ಸಾಲು ಹಾಡುವುದು ಕೇಳುತ್ತಿತ್ತು.

ಬೆಳಿಗ್ಗೆ ಗದಗದಿಂದ ರೈಲು ಹಿಡಿದು ಅವ್ವ ಬಂದಳು. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಆ ಎರಡು ದಿನ ಅವ್ವ ಹೇಳಿದ್ದರಲ್ಲಿ ಎರಡು ಮಾತು ನಾನು ಬಿಡದೆ ಹಿಡಿದಿಟ್ಟುಕೊಂಡಿದ್ದೇನೆ. ಒಂದು, ಬೈಬಲ್ಲಿನ ರಾಜ ಹಿಜ್ಕೀಯನದು. ನಿನ್ನನ್ನು ವಾಸಿ ಮಾಡುತ್ತೇನೆ ಎಂದು ದೇವರೇ ಮಾತು ಕೊಟ್ಟ ಮೇಲೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಹಚ್ಚಿಸಿದ. ಇನ್ನೊಂದು, ನರ್ಸಿಂಗ್ ಕಲಿಯುವಾಗ ಅವ್ವ ಓದಿದ್ದು. 1922ರ ಜನವರಿಯಲ್ಲಿ ಟೊರೊಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಈ ಕಾಯಿಲೆಗೆ ಇನ್ಸುಲಿನ್ ಪಡೆದವರಲ್ಲಿ ಅವನೇ ಮೊದಲನೆಯವನು. ಅದಕ್ಕೂ ಮುಂಚೆ ಈ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಸ್ವಲ್ಪ ದಿನ ಮುಂದೂಡುತ್ತಿದ್ದರು. "ಎಷ್ಟ ತಾಯಂದ್ರು ಅತ್ತು ಬೇಡಿದ್ದಕ್ಕ ಇದು ಬಂದೈತೋ," ಅಂದಳು ಅವ್ವ, ಬಾಟ್ಲಿಯನ್ನು ಬೆಳಕಿಗೆ ಹಿಡಿದು.

ಸೋಮವಾರ ಹೋಗಲಿಲ್ಲ. ಫೋನ್ ಬಂತು. ಸೈತಾನ ನಿಮ್ಮನ್ನು ಹಿಡಿದಿದ್ದಾನೆ, ಕೂಸಿನ ಬಿಡುಗಡೆಯನ್ನು ನೀವೇ ತಡೆದಿರಿ ಅಂದರು. ಎರಡು ವಾರ ನನಗೆ ನಿದ್ದೆ ಬರಲಿಲ್ಲ. ಇನ್ನೆರಡು ರಾತ್ರಿ ತಡೆದಿದ್ದರೆ ಏನಾಗುತ್ತಿತ್ತೋ ಅನ್ನುವ ಯೋಚನೆ ಮಧ್ಯರಾತ್ರಿ ಬರುತ್ತಿತ್ತು. ಗೊತ್ತಾದ ಮೇಲೂ ಶೋಧನೆ ಬಾಗಿಲು ಬಿಟ್ಟು ಹೋಗುವುದಿಲ್ಲ. ತನ್ನ ಸುವಾರ್ತೆಯಲ್ಲಿ ಲೂಕ ಬರೆದಿದ್ದಾನಲ್ಲ, ಸೈತಾನ ಯೇಸುವನ್ನು ಬಿಟ್ಟದ್ದೂ ಸ್ವಲ್ಪ ಕಾಲ ಮಾತ್ರ ಅಂತ.

ಆ ಸಾಲಿನಲ್ಲಿ ನನ್ನ ಪಕ್ಕ ಇನ್ನೊಬ್ಬ ತಾಯಿ ನಿಂತಿದ್ದಳು. ಮಗನಿಗೆ ಫಿಟ್ಸ್. ಅವಳ ನಂಬರ್ ನನ್ನ ಹತ್ತಿರ ಇತ್ತು. ಶನಿವಾರವೇ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಫಿಟ್ಸಿನ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು ಅಂತ ಅವ್ವನೂ ಹೇಳಿದಳು. ಅವಳು ಮಾತಾಡದೆ ಫೋನ್ ಕಟ್ ಮಾಡಿದಳು. ಮಂಗಳವಾರ ಅವಳಿಂದಲೇ ಫೋನ್ ಬಂತು.

"ಅಕ್ಕಾರ, ಆ ರಾತ್ರಿ ನೀವು ಖರೇನ ಸೂಜಿ ಕೊಟ್ರ್ಯಾ?"

"ಕೊಟ್ಟೆ."

"ನಾನೂ ಗುಳಿಗಿ ಕೊಟ್ಟೀನ್ರಿ. ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ." ಆಮೇಲೆ ಇಬ್ಬರೂ ಅತ್ತೆವು.

ಎಲ್ಲಕ್ಕಿಂತ ಕಷ್ಟ ಆದದ್ದು ಮಗಳ ಮುಂದೆ ಕೂರುವುದು. ಶನಿವಾರ ತಿಂಡಿಗೆ ಮುಂಚೆ ಸೂಜಿ ನೋಡಿ ಅವಳು ಕೇಳಿದಳು, "ಯೇಸಪ್ಪ ವಾಸಿ ಮಾಡಲಿಲ್ಲೇನ್ ಮಮ್ಮಿ? ನಾ ಏನ್ ತಪ್ಪ ಮಾಡಿದೆ?" ಅವಳನ್ನು ತೊಡೆ ಮೇಲೆ ಕೂರಿಸಿಕೊಂಡೆ. "ನಿಂದೂ ತಪ್ಪಿಲ್ಲ, ಯೇಸಪ್ಪಂದೂ ತಪ್ಪಿಲ್ಲ. ಅಂವ ಹೇಳದ ಮಾತು ಮಮ್ಮಿ ನಿನಗ ಹೇಳಿದ್ಲು. ತಪ್ಪಾತು," ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ತೋಳು ಮುಂದೆ ಮಾಡಿದಳು.

ಈಗ ಅವಳಿಗೆ ಹನ್ನೊಂದು. ತಾನೇ ಚುಚ್ಚಿಕೊಳ್ಳುತ್ತಾಳೆ. ಒಂಬತ್ತಕ್ಕೆ ಫ್ರಿಜ್ಜಿನಿಂದ ಬಾಟ್ಲಿ ತಂದು ತಣ್ಣಗಿದ್ದದ್ದು ಉರಿಯದಿರಲಿ ಅಂತ ಎರಡು ಅಂಗೈ ನಡುವೆ ಹಿಡಿದು ಕೂರುತ್ತಾಳೆ. ಅದರ ಚಳಿ ಬಿಡುವವರೆಗೆ ನಾವಿಬ್ಬರೂ ಪ್ರಾರ್ಥನೆ ಮಾಡುತ್ತೇವೆ. ವಾಸಿ ಮಾಡು ಅಂತಲೂ ಕೇಳುತ್ತೇವೆ. ಆಮೆನ್ ಅಂದು ಅವಳು ಮುಚ್ಚಳ ತೆಗೆಯುತ್ತಾಳೆ.