ಕುರ್ಚಿ ತಿರುಗಿಸುವಷ್ಟು ದೂರ

ಆ ಸೋಮವಾರ ಆಫೀಸಿಗೆ ಹೋದಾಗ ನನ್ನ ಮಾನಿಟರ್ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದರು. ಅದರಲ್ಲಿ ಒಂದು ನಂಬರ್ ಇತ್ತು, ಅಷ್ಟೇ. ರಸ್ತೆಯ ಆಚೆ ಇರುವ ಬಿಲ್ಡಿಂಗಿನಲ್ಲಿ ನನ್ನ ಹೊಸ ಸೀಟಿನ ನಂಬರ್ ಅದು. ಹಿಂದಿನ ಶುಕ್ರವಾರ ಸಂಜೆ ಎಲ್ಲರೂ ಬ್ಯಾಗ್ ಹೆಗಲಿಗೆ ಹಾಕುವ ಹೊತ್ತಿಗೆ ಒಂದು ಮೇಲ್ ಬಂದಿತ್ತು. ಆರ್ಟಿಸ್ಟುಗಳೆಲ್ಲ ಮೂರನೇ ಮಹಡಿ, ಪ್ರೋಗ್ರಾಮರುಗಳೆಲ್ಲ ಐದನೇ ಮಹಡಿ, ಟೆಸ್ಟರುಗಳು ಆ ಕಡೆಯ ಬಿಲ್ಡಿಂಗು. ಟೀಮುಗಳ ಪುನರ್ರಚನೆ ಅಂತ ಅದಕ್ಕೆ ಹೆಸರು.

ನಾನು ಆಗ ಬೆಂಗಳೂರಿನ ಒಂದು ಮೊಬೈಲ್ ಗೇಮ್ ಸ್ಟುಡಿಯೋದಲ್ಲಿ ಟೆಸ್ಟರ್, ಅಂದರೆ ಗೇಮ್ ಆಡಿ ಆಡಿ ತಪ್ಪು ಹುಡುಕುವ ಕೆಲಸ. ಅಲ್ಲಿಯವರೆಗೆ ನಾವು ಕೂರುತ್ತಿದ್ದದ್ದು ಗೇಮಿನ ಪ್ರಕಾರ. ಒಂದು ಗೇಮಿನವರೆಲ್ಲ ಒಂದೇ ಉದ್ದ ಮೇಜಿನ ಸುತ್ತ. ನನ್ನ ಎಡಕ್ಕೆ ಲೆವೆಲ್ ಡಿಸೈನರ್ ಹುಡುಗಿ, ಬೆನ್ನ ಹಿಂದೆ ಮಂಡ್ಯದ ಒಬ್ಬ ಪ್ರೋಗ್ರಾಮರ್. ಏನಾದರೂ ಕೆಟ್ಟಿದ್ದು ಕಂಡರೆ ಕುರ್ಚಿ ತಿರುಗಿಸಿ "ಲೋ, ಇಲ್ನೋಡೋ" ಅಂದರೆ ಸಾಕಿತ್ತು. ಅವನು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ಫೋನ್ ಕೈಗೆ ತಗೊಂಡು, ಎರಡು ಸಲ ಆಡಿ ನೋಡಿ, "ಸರಿ, ಗೊತ್ತಾಯ್ತು" ಅನ್ನುತ್ತಿದ್ದ. ಟಿಕೆಟ್, ಅಂದರೆ ಆ ತಪ್ಪಿನ ಬಗ್ಗೆ ಕಂಪ್ಯೂಟರಿನಲ್ಲಿ ಹಾಕುವ ದೂರು, ಆಮೇಲೆ ಬರೆಯುತ್ತಿದ್ದೆ, ಲೆಕ್ಕಕ್ಕೆ ಇರಲಿ ಅಂತ.

ಹೊಸ ಬಿಲ್ಡಿಂಗಿಗೆ ಹೋದ ಎರಡನೇ ವಾರ ಒಂದು ಬಗ್ ಸಿಕ್ಕಿತು. ಗೇಮಿನೊಳಗಿನ ಲಿಫ್ಟ್ ಮೇಲಕ್ಕೆ ಹೋಗಿ ನಿಲ್ಲುವ ಆ ಒಂದು ಕ್ಷಣದಲ್ಲಿ ಎರಡೂ ಹೆಬ್ಬೆರಳು ಒಟ್ಟಿಗೆ ಒತ್ತಿದರೆ ನಮ್ಮ ಪಾತ್ರ ನೆಲದೊಳಗೆ ಇಳಿದುಹೋಗುತ್ತಿತ್ತು. ಸ್ವಲ್ಪ ಮುಂಚೆ ಒತ್ತಿದರೆ ಏನೂ ಆಗಲ್ಲ, ತಡವಾದರೂ ಆಗಲ್ಲ. ಟಿಕೆಟ್ ಹಾಕಿದೆ. "ನಮ್ಮಲ್ಲಿ ಆಗ್ತಿಲ್ಲ" ಅಂತ ವಾಪಸ್ ಬಂತು. ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದೆ, ಆದರೆ ಅದರಲ್ಲಿ ಬೆರಳು ಕಾಣುವುದಿಲ್ಲವಲ್ಲ, ಮತ್ತೆ ವಾಪಸ್. ಹೀಗೆ ಮೂರು ಸಲ. ಹನ್ನೊಂದನೇ ದಿನ ತಡೆಯಲಾರದೆ ಫೋನ್ ಹಿಡಿದುಕೊಂಡು ರಸ್ತೆ ದಾಟಿ ಐದನೇ ಮಹಡಿಗೆ ಹೋದೆ. ಮಂಡ್ಯದವನು ನನ್ನ ಹೆಬ್ಬೆರಳನ್ನೇ ನೋಡುತ್ತಾ, "ಓ, ಹಿಂಗಾ! ಮೊದಲೇ ಬಂದು ತೋರಿಸಬಾರದಿತ್ತಾ?" ಅಂದ. ಹತ್ತು ನಿಮಿಷದಲ್ಲಿ ಸರಿಯಾಯಿತು. ಮಾರನೇ ದಿನ ನಮ್ಮ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮುಂದೆ ಆ ಬಿಲ್ಡಿಂಗಿಗೆ ಹೋಗಬೇಡಿ, ಎಲ್ಲ ಟಿಕೆಟ್‌ನಲ್ಲೇ ಆಗಲಿ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಮೇಲಿಂದ ಬಂದ ಮಾತು ಅದು.

ಹನ್ನೊಂದು ದಿನ ಎಲ್ಲಿ, ಹತ್ತು ನಿಮಿಷ ಎಲ್ಲಿ. ಅವತ್ತಿನಿಂದ ಗೇಮ್ ಕಂಪನಿಗಳು ಟೀಮುಗಳನ್ನು ಹೇಗೆ ಜೋಡಿಸುತ್ತವೆ ಅನ್ನುವುದನ್ನು ಸಿಕ್ಕಿದ ಕಡೆಯೆಲ್ಲ ಓದುತ್ತಾ ಬಂದಿದ್ದೇನೆ. ಅದರಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು ಜಪಾನಿನ ಕ್ಯೋಟೋದ ಗೇಮ್ ಕಂಪನಿ ನಿಂಟೆಂಡೊ ಕಥೆ.

2012ರ ನವೆಂಬರಿನಲ್ಲಿ ನಿಂಟೆಂಡೊ ವೀ ಯು ಅನ್ನುವ, ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಕನ್ಸೋಲ್ ತಂದಿತು. ಅದಕ್ಕೂ ಮುಂಚೆ, 2011ರಲ್ಲಿ, ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಬಂದಿತ್ತು. ಎರಡೂ ಒಂದೇ ಕಂಪನಿಯವು, ಆದರೆ ಒಳಗಿನ ಯಂತ್ರ ಬೇರೆ, ಟೂಲ್‌ಗಳು ಬೇರೆ. ಇದಕ್ಕೆ ಮಾಡಿದ ಗೇಮನ್ನು ಅದಕ್ಕೆ ಒಯ್ಯಬೇಕೆಂದರೆ ಹೆಚ್ಚುಕಡಿಮೆ ಹೊಸದಾಗಿ ಮಾಡಿದಷ್ಟೇ ಕೆಲಸ. ಅಂದರೆ ಒಂದೇ ಮನೆಯಲ್ಲಿ ಎರಡು ಒಲೆ, ಎರಡಕ್ಕೂ ಬೇರೆ ಬೇರೆ ಸೌದೆ. ವೀ ಯು ಕೊಂಡವರು ಹೊಸ ಗೇಮಿಗಾಗಿ ತಿಂಗಳುಗಟ್ಟಲೆ ಕಾದರು. ಕೊನೆಗೆ ಅದು ಮಾರಾಟವಾಗಿದ್ದು ಸುಮಾರು 1.35 ಕೋಟಿ ಮಾತ್ರ. ಆ ಕಂಪನಿಯ ಮಟ್ಟಿಗೆ ಇದು ದೊಡ್ಡ ಹೊಡೆತ.

ಆಗ ಅಧ್ಯಕ್ಷರಾಗಿದ್ದವರು ಸತೋರು ಇವಾಟ. ಸ್ವತಃ ಪ್ರೋಗ್ರಾಮರ್. 2013ರ ಫೆಬ್ರವರಿಯಲ್ಲಿ ಅವರು ಕೈಯ ಯಂತ್ರ ಮಾಡುವ ಹಾರ್ಡ್‌ವೇರ್ ವಿಭಾಗವನ್ನೂ ಟಿವಿ ಯಂತ್ರ ಮಾಡುವ ವಿಭಾಗವನ್ನೂ ಒಂದು ಮಾಡಿದರು. 2014ರ ಜನವರಿಯಲ್ಲಿ ಹೂಡಿಕೆದಾರರ ಮುಂದೆ ಕಾರಣ ಹೇಳಿದರು: ಇನ್ನು ಮುಂದೆ ನಮ್ಮ ಯಂತ್ರಗಳು ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಇರಬೇಕು, ಗೇಮ್ ಮಾಡುವವರು ಪ್ರತಿ ಸಲ ಮೊದಲಿನಿಂದ ಶುರು ಮಾಡುವ ಹಾಗಿರಬಾರದು ಅಂತ. ಅದೇ ವರ್ಷ ಮುಖ್ಯ ಕಚೇರಿಯ ಹತ್ತಿರ ಹೊಸ ಡೆವಲಪ್‌ಮೆಂಟ್ ಕಟ್ಟಡವೂ ಸಿದ್ಧವಾಯಿತು, ಬೇರೆ ಬೇರೆ ಕಡೆ ಇದ್ದ ಹಾರ್ಡ್‌ವೇರಿನವರು, ಸಾಫ್ಟ್‌ವೇರಿನವರು ಒಂದೇ ಸೂರಿನಡಿ ಬಂದರು. ಇದನ್ನು ಓದಿದಾಗ ನನಗೆ ನಮ್ಮ ರಸ್ತೆ ನೆನಪಾಯಿತು. ಅವರು ರಸ್ತೆ ಅಳಿಸಿದರು, ನಾವು ರಸ್ತೆ ಹಾಕಿಕೊಂಡೆವು.

ಆದರೆ ನನಗೆ ಕಟ್ಟಡಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಅವರು ಅದೇ ಹೊತ್ತಿನಲ್ಲಿ ಮಾಡಿದ ಇನ್ನೊಂದು ಕೆಲಸ. 2013ರ ಷೇರುದಾರರ ಸಭೆಯಲ್ಲಿ ಒಬ್ಬರು ಕೇಳಿದರು, ನಷ್ಟದಲ್ಲಿದ್ದೀರಿ, ಜನರನ್ನು ಯಾಕೆ ಕಡಿಮೆ ಮಾಡಬಾರದು ಅಂತ. ಕೆಲಸ ಹೋಗುತ್ತದೆ ಅನ್ನುವ ಭಯದಲ್ಲಿರುವವರಿಂದ ಜನರ ಮನಸ್ಸು ಮುಟ್ಟುವ ಗೇಮ್ ಬರುವುದಿಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟರು ಇವಾಟ. ಮುಂದಿನ ಜನವರಿಯಲ್ಲಿ ತಮ್ಮ ಸಂಬಳವನ್ನು ಐದು ತಿಂಗಳ ಮಟ್ಟಿಗೆ ಅರ್ಧಕ್ಕೆ ಇಳಿಸಿಕೊಂಡರು. ಮಾರಿಯೋ ಗೇಮ್ ಸೃಷ್ಟಿಸಿದ ಶಿಗೆರು ಮಿಯಾಮೊಟೊ ಮತ್ತು ಹಾರ್ಡ್‌ವೇರ್ ನೋಡಿಕೊಳ್ಳುತ್ತಿದ್ದ ಗೆನ್ಯೊ ತಕೆಡಾ ಶೇ. 30 ಬಿಟ್ಟುಕೊಟ್ಟರು, ಉಳಿದ ನಿರ್ದೇಶಕರು ಶೇ. 20. ಟೀಮ್ ಬದಲಾಗುತ್ತಿರುವಾಗ ಕೆಳಗೆ ಕೂತವನಿಗೆ ಬೇಕಾಗಿರುವುದು ಇದೇ ಅಲ್ವಾ? ನಾಳೆ ನಾನು ಇಲ್ಲೇ ಇರುತ್ತೇನೆ ಅಂತ ಗೊತ್ತಿದ್ದರೆ ಹೊಸ ಜಾಗದಲ್ಲಿ ಹೊಸಬರ ಜೊತೆ ಬಾಯಿ ಬಿಟ್ಟು ಮಾತಾಡುತ್ತಾನೆ. ಗೊತ್ತಿಲ್ಲದಿದ್ದರೆ ತನಗೆ ತಿಳಿದಿದ್ದನ್ನು ಗಂಟು ಕಟ್ಟಿಕೊಂಡು ಸುಮ್ನೆ ಕೂರುತ್ತಾನೆ.

ಇವಾಟ ಅವರಿಗೆ ಇದು ಹೊಸದಾಗಿ ಹೊಳೆದಿದ್ದಲ್ಲ. 1993ರಲ್ಲಿ, ಇನ್ನೂ 33ರ ವಯಸ್ಸಿನಲ್ಲಿ, ಮುಳುಗುತ್ತಿದ್ದ ಹಾಲ್ ಲ್ಯಾಬೊರೇಟರಿ ಅನ್ನುವ ಗೇಮ್ ಕಂಪನಿಯ ಅಧ್ಯಕ್ಷರಾದಾಗ ತಲೆ ಮೇಲೆ ಸುಮಾರು 150 ಕೋಟಿ ಯೆನ್ ಸಾಲ. ಆಗ ಅವರು ಕಂಪನಿಯ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರು. ಎಲ್ಲರ ಜೊತೆಗೂ. ಯಾರಿಗೆ ಏನು ಕಷ್ಟ, ಎಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿದೆ ಅಂತ ಕೇಳಿ ತಿಳಿದುಕೊಂಡರು. ನನ್ನ ಹನ್ನೊಂದು ದಿನದ ವಿಷಯವನ್ನು ಯಾರಾದರೂ ಹಾಗೆ ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದೆ.

2015ರ ಜುಲೈ 11ರಂದು ಇವಾಟ ತೀರಿಕೊಂಡರು, 55 ವರ್ಷ. ಎರಡು ತಿಂಗಳ ನಂತರ, ಸೆಪ್ಟೆಂಬರಿನಲ್ಲಿ, ಅಧ್ಯಕ್ಷರಾದ ತತ್ಸುಮಿ ಕಿಮಿಶಿಮಾ ಜೊತೆಗೇ ಮತ್ತೊಂದು ದೊಡ್ಡ ಬದಲಾವಣೆ ಬಂತು. ಮಾರಿಯೋ, ಜೆಲ್ಡಾ ಮಾಡುತ್ತಿದ್ದ ಇಎಡಿ ವಿಭಾಗ, ವಾರಿಯೋವೇರ್‌ನಂಥ ಗೇಮ್ ಮಾಡುತ್ತಾ ಹೊರಗಿನ ಕಂಪನಿಗಳ ಜೊತೆಗೂ ಕೆಲಸ ಮಾಡುತ್ತಿದ್ದ ಎಸ್‌ಪಿಡಿ ವಿಭಾಗ, ಎರಡೂ ಸೇರಿ ಇಪಿಡಿ ಆಯಿತು. ಅದರ ಮುಖ್ಯಸ್ಥರು ಶಿನ್ಯಾ ತಕಹಾಶಿ. ಎಷ್ಟೋ ವರ್ಷ ಇಎಡಿ ಅಂದರೆ ಮಿಯಾಮೊಟೊ ಅನ್ನುವ ಹಾಗಿತ್ತು. ಅವರು ದಿನನಿತ್ಯದ ಯಜಮಾನಿಕೆ ಬಿಟ್ಟು ಸಲಹೆ ಕೊಡುವ ಜಾಗಕ್ಕೆ ಸರಿದರು, ತಕೆಡಾ ಕೂಡ ಹಾಗೆಯೇ. ಇಷ್ಟು ದೊಡ್ಡವರು ಪಕ್ಕಕ್ಕೆ ಸರಿದು ಮುಂದಿನವರಿಗೆ ಜಾಗ ಮಾಡಿಕೊಟ್ಟದ್ದು ನನಗೆ ತುಂಬಾ ಇಷ್ಟವಾಯಿತು, ಯಾಕೆಂದರೆ ಬೇರೆ ಕಡೆ ಯಾರ ಕೆಳಗೆ ಯಾರು ಅಂತ ತೋರಿಸುವ ಚಾರ್ಟಿನಲ್ಲಿ ಕೆಳಗಿನ ಡಬ್ಬಗಳು ಮಾತ್ರ ಓಡಾಡುತ್ತವೆ, ಮೇಲಿನವು ಇದ್ದಲ್ಲೇ ಇರುತ್ತವೆ.

2017ರ ಮಾರ್ಚ್ 3ರಂದು ನಿಂಟೆಂಡೊದ ಸ್ವಿಚ್ ಅನ್ನುವ ಹೊಸ ಯಂತ್ರ ಬಂತು. ಟಿವಿಗೂ ಅದೇ, ಕೈಗೂ ಅದೇ. ಒಂದೇ ಒಲೆ. ಇದುವರೆಗೆ 15 ಕೋಟಿಗೂ ಜಾಸ್ತಿ ಮಾರಾಟವಾಗಿದೆ. ಇದೆಲ್ಲ ಟೀಮ್ ಒಂದು ಮಾಡಿದ್ದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಗೇಮುಗಳು ಚೆನ್ನಾಗಿದ್ದವು, ಯಂತ್ರದ ಯೋಚನೆಯೂ ಚೆನ್ನಾಗಿತ್ತು. ಆದರೆ ಕೈಯ ಯಂತ್ರದವರು ಒಂದು ಕಡೆ, ಟಿವಿ ಯಂತ್ರದವರು ಇನ್ನೊಂದು ಕಡೆ ಕೂತಿದ್ದರೆ ಎರಡೂ ಆಗಿರುವ ಯಂತ್ರವನ್ನು ಯಾರು ಮಾಡುತ್ತಿದ್ದರು? ಅವರು ಮೊದಲು ಕೆಲಸ ಎಲ್ಲಿ ನಿಲ್ಲುತ್ತಿದೆ ಅಂತ ನೋಡಿದರು, ಆಮೇಲೆ ಅಲ್ಲಿನ ಗೋಡೆ ಒಡೆದರು.

ಪೋಲೆಂಡಿನ ಗೇಮ್ ಕಂಪನಿ ಸಿಡಿ ಪ್ರಾಜೆಕ್ಟ್ ಕೂಡ ಇದನ್ನು ಕಷ್ಟಪಟ್ಟು ಕಲಿಯಿತು. 2020ರ ಡಿಸೆಂಬರಿನಲ್ಲಿ ಅವರ ಸೈಬರ್‌ಪಂಕ್ 2077 ಗೇಮ್ ಎಷ್ಟು ಕೆಟ್ಟ ಸ್ಥಿತಿಯಲ್ಲಿ ಬಂತೆಂದರೆ ಸೋನಿ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದಲೇ ಅದನ್ನು ತಿಂಗಳುಗಟ್ಟಲೆ ತೆಗೆದಿಟ್ಟಿತ್ತು. 2021ರ ಮಾರ್ಚಿನಲ್ಲಿ ಕಂಪನಿ, ಇನ್ನು ಮುಂದೆ ಬೇರೆ ಬೇರೆ ಕಸುಬಿನವರನ್ನು ಸೇರಿಸಿದ ಸಣ್ಣ ಟೀಮುಗಳಲ್ಲಿ ಕೆಲಸ ಮಾಡುತ್ತೇವೆ ಅಂತ ಹೇಳಿತು. 2023ರ ಸೆಪ್ಟೆಂಬರಿನಲ್ಲಿ ಅದೇ ಗೇಮಿಗೆ ಸೇರಿಸಿದ ಹೊಸ ಭಾಗವಾಗಿ ಬಂದ ಫ್ಯಾಂಟಮ್ ಲಿಬರ್ಟಿಯನ್ನು ಆಡಿದವರು ಮೆಚ್ಚಿಕೊಂಡರು, ನಾನೂ ಮೆಚ್ಚಿಕೊಂಡೆ. ಅದಕ್ಕೆ ಎರಡು ತಿಂಗಳ ಮುಂಚೆ ಮಾತ್ರ ಅದೇ ಕಂಪನಿ ಸುಮಾರು 100 ಜನರನ್ನು ತೆಗೆಯುವುದಾಗಿ ಹೇಳಿತ್ತು. ಗೇಮ್ ಸರಿಯಾಗುವ ಹೊತ್ತಿಗೆ ಹೊರಗೆ ಹೋಗಬೇಕಾದವರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಪುನರ್ರಚನೆ ಅನ್ನುವ ಪದ ಕೇಳಿದರೆ ಸಾಕು, ಯಾರ ಕೆಲಸ ಹೋಯಿತೋ ಅಂತ ಎದೆ ಹೊಡೆದುಕೊಳ್ಳುವ ಹಾಗಾಗಿದೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಿಂದ ಸುಮಾರು 1,900 ಜನರನ್ನು ತೆಗೆಯಿತು. ಮೇ ತಿಂಗಳಲ್ಲಿ ಟೋಕಿಯೋದ ತನ್ನ ಸ್ಟುಡಿಯೋ ಟ್ಯಾಂಗೋ ಗೇಮ್‌ವರ್ಕ್ಸ್ ಅನ್ನು ಮುಚ್ಚುವುದಾಗಿ ಹೇಳಿತು, ಅದೂ ಆ ಸ್ಟುಡಿಯೋ ಹೈ-ಫೈ ರಷ್ ಅನ್ನುವ ಗೇಮ್ ಮಾಡಿ ಎಲ್ಲರಿಂದ ಭೇಷ್ ಅನಿಸಿಕೊಂಡ ಮರುವರ್ಷವೇ. ಕೊನೆಗೆ ಆ ಟೀಮನ್ನು ಉಳಿಸಿಕೊಂಡಿದ್ದು, ನಮ್ಮ ಹುಡುಗರು ಹಗಲುರಾತ್ರಿ ಆಡುವ ಬಿಜಿಎಂಐ ನಡೆಸುವ ಕ್ರಾಫ್ಟನ್. ಬೆಂಗಳೂರಿಗೂ ಇದು ದೂರದ ಸುದ್ದಿಯಲ್ಲ. 1997ರಲ್ಲಿ ಇಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಸ್ಟುಡಿಯೋ ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಗೆ ಹೋಯಿತು, 2019ರಲ್ಲಿ ಜಿಟಿಎ ಗೇಮ್ ಮಾಡುವ ರಾಕ್‌ಸ್ಟಾರ್‌ಗೆ ಸೇರಿತು. ನಮ್ಮೂರಿನ ಎಷ್ಟೋ ಆರ್ಟಿಸ್ಟುಗಳ ಚಾರ್ಟು ಬೇರೆ ದೇಶದಲ್ಲಿ ಬರೆಯಲ್ಪಡುತ್ತದೆ.

ನನ್ನ ಹಳೇ ಸ್ಟುಡಿಯೋದಲ್ಲಿ ಮೂರನೇ ತಿಂಗಳಿಗೆ ನಾಲ್ಕು ಟೆಸ್ಟರುಗಳನ್ನು ಕಳಿಸಿದರು. ಟಿಕೆಟ್ ಮುಗಿಯಲು ಹಿಡಿಯುವ ದಿನಗಳು ಜಾಸ್ತಿಯಾಗಿವೆ, ಹಾಗಾಗಿ ನಮ್ಮ ಕೆಲಸದ ಗುಣಮಟ್ಟ ಇಳಿದಿದೆ ಅಂತ ಕಾರಣ. ಅವರಲ್ಲಿ ಒಬ್ಬಳು ನನಗಿಂತ ಎಷ್ಟೋ ಚುರುಕು. ಫೋನ್ ಕಿವಿಗಿಟ್ಟು ಕಾಲಿನ ಸದ್ದು ಅರ್ಧ ಕ್ಷಣ ತಡವಾಗಿ ಬರುತ್ತಿದೆ ಅಂತ ಹೇಳುತ್ತಿದ್ದಳು, ಅಳೆದು ನೋಡಿದರೆ ನಿಜವಾಗಿರುತ್ತಿತ್ತು. ಅಂಥ ಕಿವಿ ಚಾರ್ಟಿನಲ್ಲಿ ಎಲ್ಲಿ ಕಾಣುತ್ತದೆ? ಅವಳ ಮೇಜಿನ ಮೇಲಿದ್ದ ಪುಟ್ಟ ತುಳಸಿ ಕುಂಡವನ್ನು ನನ್ನ ಕೈಗೆ ಕೊಟ್ಟು ಹೋದಳು. ಮುಂದಿನ ವರ್ಷ ನಾನೂ ಬಿಟ್ಟೆ.

ಈಗ ಇನ್ನೊಂದು ಸಣ್ಣ ಸ್ಟುಡಿಯೋದಲ್ಲಿದ್ದೇನೆ. 22 ಜನ. ಒಂದು ಗೇಮ್ ನಡೆಯುತ್ತಿದೆ, ಎರಡನೆಯದು ಶುರುವಾಗಬೇಕು, ಟೀಮ್ ಎರಡು ಭಾಗ ಮಾಡಲೇಬೇಕು. ಹೋದ ವಾರ ಯಜಮಾನರು ನನ್ನನ್ನು ಕರೆದು, "ನೀವು ಎರಡೂ ಕಡೆ ಕೂತು ನೋಡಿದವರು, ಹೇಗೆ ಭಾಗ ಮಾಡೋಣ ಹೇಳಿ" ಅಂದರು. ಚಾರ್ಟ್ ಈಗಲೇ ಬೇಡ ಸಾರ್, ಎರಡು ವಾರ ಕೊಡಿ ಅಂದೆ. ಮೊದಲು ಎಲ್ಲರ ಎದುರು ನಿಂತು, ಈ ಬದಲಾವಣೆಯಿಂದ ಯಾರ ಕೆಲಸವೂ ಹೋಗಲ್ಲ ಅಂತ ನೀವೇ ಹೇಳಬೇಕು ಅಂತಲೂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತು ಅಂದರು. ಶುಕ್ರವಾರ ಬೆಳಿಗ್ಗೆ ಟೀ ಹೊತ್ತಿನಲ್ಲಿ ಹೇಳಿಯೂ ಹೇಳಿದರು.

ಈ ವಾರ ಒಬ್ಬೊಬ್ಬರ ಜೊತೆಗೂ ಅರ್ಧ ಗಂಟೆ ಕೂರುತ್ತಿದ್ದೇನೆ. ಎಲ್ಲರಿಗೂ ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಸಲ, ಯಾರ ಕಡೆ ಕುರ್ಚಿ ತಿರುಗಿಸುತ್ತೀರಿ? ಇಲ್ಲಿಯವರೆಗೆ ಒಂಬತ್ತು ಜನರದ್ದು ಬರೆದುಕೊಂಡಿದ್ದೇನೆ. ಸೌಂಡ್ ಮಾಡುವ ಹುಡುಗ ಅತಿ ಹೆಚ್ಚು ಮಾತಾಡುವುದು ಅನಿಮೇಷನ್ ಮಾಡುವವರ ಜೊತೆ ಅಂತ ಯಾರಿಗೂ ಅಂದಾಜಿರಲಿಲ್ಲ, ಅವನು ಕೂತಿರುವುದು ಬಾಗಿಲ ಹತ್ತಿರ, ಅವರಿರುವುದು ಆ ಕೊನೆಯ ಕಿಟಕಿಯ ಕಡೆ. ಇನ್ನು ಹದಿಮೂರು ಜನ ಬಾಕಿ. ಬಡಗಿಗೆ ಎರಡು ಉದ್ದ ಮೇಜು ಹೇಳಿದ್ದೇವೆ, ಒಂದೊಂದು ಗೇಮಿಗೆ ಒಂದೊಂದು, ಟೆಸ್ಟರುಗಳ ಜಾಗ ಎರಡರಲ್ಲೂ ನಡುವೆ.